ನಾಡಿದ್ದಿನ ನೆಂಟರು

ನಮ್ಮ ಬಚ್ಚಲುಮನೆಯ ನಲ್ಲಿ ಸೋರಲು ಶುರುವಾದದ್ದು ಒಂದು ಶನಿವಾರ. ನನ್ನ ಹೆಂಡತಿಯ ಸೋದರಮಾವ ಚಿತ್ರದುರ್ಗದಿಂದ ಬಂದಿಳಿದದ್ದು ಮರುದಿನ ಭಾನುವಾರ. ಎರಡಕ್ಕೂ ಸಂಬಂಧವಿಲ್ಲ ಎಂದೇ ನಾನು ಆಗ ತಿಳಿದಿದ್ದೆ.

ಭಾನುವಾರ ಬೆಳಿಗ್ಗೆ ಕಾಂಪೌಂಡಿನ ಮೇಲೆ ಕಾಗೆಯೊಂದು ಕುಳಿತು ಒಂದೇ ಸಮನೆ ಕೂಗುತ್ತಿತ್ತು. ಹೆಂಡತಿ ಅದರ ಮುಖ ನೋಡಿ ಒಳಗೆ ಹೋಗಿ ಅನ್ನಕ್ಕೆ ಇನ್ನೊಂದು ಪಾವು ಅಕ್ಕಿ ಹಾಕಿದಳು. ನಾನು ನಕ್ಕೆ. ಹನ್ನೊಂದು ಗಂಟೆಗೆ ಆಟೋ ಬಂದು ನಿಂತಿತು. ಮಾವ ಇಳಿದರು, ಅವರ ಹಿಂದೆ ಒಂದು ಟ್ರಂಕು ಇಳಿಯಿತು. ಟ್ರಂಕು ಕಂಡಾಗಲೇ ನಾನು ನಗು ನಿಲ್ಲಿಸಬೇಕಿತ್ತು. ಕಣ್ಣು ತೋರಿಸಿಕೊಳ್ಳಲು ಬರುವವರು ಸಾಮಾನ್ಯವಾಗಿ ಕೈಚೀಲ ತರುತ್ತಾರೆ.

"ಡಾಕ್ಟರಿಗೆ ಕಣ್ಣು ತೋರಿಸಿಕೊಂಡು ನಾಡಿದ್ದು ಹೊರಟುಬಿಡುತ್ತೇನೆ" ಎಂದರು ಮಾವ, ಚಪ್ಪಲಿ ಬಿಡುತ್ತಲೇ.

ಅದೇ ಹೊತ್ತಿಗೆ ನಾನು ಪ್ಲಂಬರನಿಗೆ ಫೋನ್ ಮಾಡುತ್ತಿದ್ದೆ. ಆತ ಹೇಳಿದ: "ನಾಡಿದ್ದು ಬಂದುಬಿಡುತ್ತೇನೆ ಸಾರ್."

ಒಂದು ಕಿವಿಯಲ್ಲಿ ಹೋಗುವ ನಾಡಿದ್ದು, ಇನ್ನೊಂದು ಕಿವಿಯಲ್ಲಿ ಬರುವ ನಾಡಿದ್ದು. ಮಂಗಳವಾರ ಒಬ್ಬರು ಹೊರಡುತ್ತಾರೆ, ಒಬ್ಬರು ಬರುತ್ತಾರೆ, ಮನೆಯ ಲೆಕ್ಕ ಸರಿಹೋಗುತ್ತದೆ ಎಂದುಕೊಂಡು ನಾನು ನೆಮ್ಮದಿಯಾಗಿ ಊಟಕ್ಕೆ ಕುಳಿತೆ.

ಮಂಗಳವಾರ ಪ್ಲಂಬರ್ ಬರಲಿಲ್ಲ. ಮಾವ ಹೊರಡಲಿಲ್ಲ. ಪ್ಲಂಬರನ ವಿಷಯ ಆಮೇಲೆ ಹೇಳುತ್ತೇನೆ. ಮಾವನ ಬಳಿ ಕಾರಣವಿತ್ತು. ಮಂಗಳವಾರ ಯಾರಾದರೂ ಹೊರಡುತ್ತಾರೆಯೇ?

ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟರು. ಒಂಬತ್ತನೆಯ ತರಗತಿಯ ನನ್ನ ಮಗಳಿಗೆ ಆಗ ಇಂಗ್ಲಿಷ್ ಕಾಗುಣಿತ ಸ್ಪರ್ಧೆಯ ಹುಚ್ಚು. ಯಾರೂ ಬಳಸದ ಪದಗಳ ಉದ್ದನೆಯ ಪಟ್ಟಿಯೊಂದನ್ನು ಕೈಯಲ್ಲಿ ಹಿಡಿದು ಮನೆ ತುಂಬ ಓಡಾಡುತ್ತಿದ್ದಳು. ಬುಧವಾರ ರಾತ್ರಿ ಕೇಳಿದಳು: "ಅಪ್ಪಾ, ಪೆರೆಂಡಿನೇಟ್ ಎಂದರೇನು?"

ಮೇಷ್ಟರಾದವರು ಗೊತ್ತಿಲ್ಲ ಎನ್ನಬಾರದು. "ಅದೊಂದು ಔಷಧಿ. ಹೊಟ್ಟೆನೋವಿಗೆ ಕೊಡುತ್ತಾರೆ" ಎಂದೆ.

ಅವಳು ನಿಘಂಟು ತಂದು ನನ್ನ ಮುಂದೆಯೇ ತೆರೆದಳು. ಹೊಟ್ಟೆನೋವಿಗೂ ಅದಕ್ಕೂ ಸಂಬಂಧವಿರಲಿಲ್ಲ. ಅದು ಕ್ರಿಯಾಪದ, ಅರ್ಥ: ನಾಡಿದ್ದಿಗೆ ಮುಂದೂಡು.

ನಾನು ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಓದಿದೆ. ಬಚ್ಚಲುಮನೆಯಿಂದ ಟಪ್, ಟಪ್ ಎಂದು ಸದ್ದು ಬರುತ್ತಿತ್ತು. ನಡುಮನೆಯಿಂದ ಮಾವನ ಗೊರಕೆ ಬರುತ್ತಿತ್ತು. ನನ್ನ ಸಂಸಾರದ ಸದ್ಯದ ಪರಿಸ್ಥಿತಿಗೆ ಇಂಗ್ಲಿಷಿನಲ್ಲಿ ಒಂದೇ ಪದವಿದೆ ಎಂದು ಅಂದು ತಿಳಿಯಿತು.

ಇದಕ್ಕೊಬ್ಬ ಪ್ರಸಿದ್ಧ ಅಣ್ಣನಿದ್ದಾನೆ, ಪ್ರೊಕ್ರಾಸ್ಟಿನೇಟ್. ಲ್ಯಾಟಿನ್ನಿನಲ್ಲಿ ಕ್ರಾಸ್ ಎಂದರೆ ನಾಳೆ. ಕೆಲಸವನ್ನು ನಾಳೆಗೆ ತಳ್ಳಿದರೆ ಪ್ರೊಕ್ರಾಸ್ಟಿನೇಟ್. ಅದೇ ಭಾಷೆಯಲ್ಲಿ ಪೆರೆಂಡಿಯೆ ಎಂದರೆ ನಾಡಿದ್ದು, ಅಲ್ಲಿಗೆ ತಳ್ಳಿದರೆ ಪೆರೆಂಡಿನೇಟ್. ಅಣ್ಣನನ್ನು ಲೋಕವೆಲ್ಲ ಬಲ್ಲದು. ತಮ್ಮ ನಿಘಂಟಿನಲ್ಲಿ ಮಲಗಿಕೊಂಡೇ ಇದ್ದಾನೆ, ಬಹುಶಃ ನಾಡಿದ್ದು ಏಳುತ್ತಾನೆ.

ತಮಾಷೆಯೆಂದರೆ, ನಾಡಿದ್ದಿಗೆ ಮುಂದೂಡುವುದಕ್ಕೆ ಪದವಿಟ್ಟುಕೊಂಡ ಇಂಗ್ಲಿಷಿನವರಿಗೆ ನಾಡಿದ್ದು ಎನ್ನುವುದಕ್ಕೇ ಪದವಿಲ್ಲ. 'ದಿ ಡೇ ಆಫ್ಟರ್ ಟುಮಾರೋ' ಎಂದು ನಾಲ್ಕು ಪದಗಳನ್ನು ಸಾಲಾಗಿ ನಿಲ್ಲಿಸಬೇಕು. ಹಿಂದೆ 'ಓವರ್‌ಮಾರೋ' ಎಂಬ ಪದವಿತ್ತು, 16ನೆಯ ಶತಮಾನದ ಬರಹದಲ್ಲಿ ಸಿಗುತ್ತದೆ, ಆಮೇಲೆ ಬಿದ್ದುಹೋಯಿತು. ಜರ್ಮನರು ಅದರ ದಾಯಾದಿಯನ್ನು 'ಯೂಬರ್‌ಮೊರ್ಗನ್' ಎಂದು ಇವತ್ತಿಗೂ ಸಾಕಿಕೊಂಡಿದ್ದಾರೆ. ತೆಲುಗಿನವರಿಗೆ ಎಲ್ಲುಂಡಿ ಇದೆ. ಹಿಂದಿಯ ಪರಸೋಂ ಮಾತ್ರ ಸ್ವಲ್ಪ ಅಪಾಯಕಾರಿ: ಮೊನ್ನೆಯೂ ಅದೇ, ನಾಡಿದ್ದೂ ಅದೇ. ಆ ಭಾಷೆಯ ಪ್ಲಂಬರ್ ಬರುತ್ತಾನೋ ಬಂದು ಹೋದನೋ ಎಂದು ತಿಳಿಯಲು ಕ್ರಿಯಾಪದದವರೆಗೆ ಉಸಿರು ಹಿಡಿದು ಕಾಯಬೇಕು. ನಮ್ಮದು ಹಾಗಲ್ಲ. ನಾಳೆ, ನಾಡಿದ್ದು, ಆಚೆ ನಾಡಿದ್ದು. ಹಿಂದಕ್ಕೆ ನಿನ್ನೆ, ಮೊನ್ನೆ, ಆಚೆ ಮೊನ್ನೆ. ಆರು ದಿನ ತಪ್ಪಿಸಿಕೊಳ್ಳಲು ಆರು ಬಾಗಿಲು.

ಈ ಬಾಗಿಲುಗಳಲ್ಲಿ ನಾಡಿದ್ದಿನ ಬೆಲೆ ದೊಡ್ಡದು. 'ನಾಳೆ ಬರುತ್ತೇನೆ' ಎಂದರೆ ಗಿರಾಕಿ ನಾಳೆ ರಜೆ ಹಾಕಿ ಬಾಗಿಲಲ್ಲೇ ಕುಳಿತಿರುತ್ತಾನೆ, ಸುಳ್ಳು ಒಂದೇ ದಿನದಲ್ಲಿ ಬಯಲಾಗುತ್ತದೆ. 'ಮುಂದಿನ ವಾರ' ಎಂದರೆ ಬೇರೆಯವನನ್ನು ಹುಡುಕುತ್ತಾನೆ. ನಾಡಿದ್ದು ಮಾತ್ರ ಹದವಾದ ದೂರ. ಆಸೆ ಕಮರುವುದಿಲ್ಲ, ಅವಸರವೂ ಹುಟ್ಟುವುದಿಲ್ಲ. ಸಂಕೋಚವಿರುವವರು ನಾಳೆ ಎನ್ನುತ್ತಾರೆ, ಕಸುಬು ಬಲ್ಲವರು ನಾಡಿದ್ದು ಎನ್ನುತ್ತಾರೆ. ಮಂಡಿಪೇಟೆಯ ಹತ್ತಿರ ನನ್ನ ಪ್ಯಾಂಟು ಹೊಲಿಯುವವರ ಅಂಗಡಿಯಲ್ಲಿ 'ನಾಳೆ ಬರುವುದು ಇಂದೇ ಬರಲಿ' ಎಂಬ ಅರ್ಥದ ವಚನವಿರುವ ಕ್ಯಾಲೆಂಡರ್ ತೂಗುತ್ತಿರುತ್ತದೆ. ಅದರ ಕೆಳಗೇ ಕುಳಿತು ಅವರು ಹೇಳುವುದು ನಾಡಿದ್ದು. ವಚನಕ್ಕೆ ವಿರುದ್ಧವಾಗಿ ನಡೆದಂತೆಯೂ ಆಗುವುದಿಲ್ಲ, ಅದರಲ್ಲಿರುವುದು ನಾಳೆಯ ಮಾತು ಮಾತ್ರ.

ಹಿಂದೆ ನಮ್ಮ ಕಡೆ ಮನೆಗಳ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರು. ರಾತ್ರಿ ಬಂದ ದೆವ್ವ ಅದನ್ನು ಓದಿ ಹಿಂದಿರುಗಿ, ಮರುದಿನ ಮತ್ತೆ ಬಂದು ಓದಿ ಹಿಂದಿರುಗಬೇಕು. ಅಕ್ಷರಸ್ಥ ದೆವ್ವ, ಮಾತಿಗೆ ಬೆಲೆ ಕೊಡುವ ದೆವ್ವ. ಬರೆದವರು ಒಂದಕ್ಷರ ಜಾಸ್ತಿ ಖರ್ಚು ಮಾಡಿ 'ನಾಡಿದ್ದು ಬಾ' ಎಂದು ಬರೆದಿದ್ದರೆ ಅದಕ್ಕೆ ದಿನ ಬಿಟ್ಟು ದಿನವಾದರೂ ವಿಶ್ರಾಂತಿ ಸಿಗುತ್ತಿತ್ತು.

ಇತ್ತ ಮಾವ ಉಳಿದುಕೊಳ್ಳುತ್ತಲೇ ಇದ್ದರು. ಬೇಕೆಂದೇ ಉಳಿದರು ಎಂದರೆ ತಪ್ಪಾದೀತು. ಅವರಿಗೆ ವಾರಶೂಲೆಯ ಮೇಲೆ ನಂಬಿಕೆ. ಸೋಮವಾರ, ಶನಿವಾರ ಪೂರ್ವ ದಿಕ್ಕಿಗೆ ಪ್ರಯಾಣವಿಲ್ಲ. ಗುರುವಾರ ದಕ್ಷಿಣಕ್ಕಿಲ್ಲ. ದಾವಣಗೆರೆಯಿಂದ ಚಿತ್ರದುರ್ಗ ಇರುವುದು ಆಗ್ನೇಯಕ್ಕೆ, ಆದ್ದರಿಂದ ಪೂರ್ವದ ದೋಷವೂ ತಟ್ಟುತ್ತದೆ, ದಕ್ಷಿಣದ್ದೂ ತಟ್ಟುತ್ತದೆ. ಮಂಗಳವಾರದ ಸಂಗತಿ ಆಗಲೇ ಹೇಳಿದೆ. ಶುಕ್ರವಾರ ಸೋದರ ಸೊಸೆಯ ಮನೆಯಿಂದ ಹೊರಟರೆ ಲಕ್ಷ್ಮಿಯನ್ನು ಕರೆದುಕೊಂಡು ಹೋದಂತಾಗುತ್ತದೆ. ಭಾನುವಾರ ಬಸ್ಸಿನಲ್ಲಿ ಜನ ಹೆಚ್ಚು. ಉಳಿದದ್ದು ಬುಧವಾರ. ಬುಧವಾರ ಕಣ್ಣಿನ ಡಾಕ್ಟರು ಮತ್ತೆ ಬರಹೇಳಿದ್ದರು.

"ಅರವತ್ತು ಕಿಲೋಮೀಟರ್ ಅಷ್ಟೇ ಮಾವ, ಒಂದೂವರೆ ಗಂಟೆಯ ದಾರಿ" ಎಂದೆ ಒಮ್ಮೆ, ಬಹಳ ಎಚ್ಚರಿಕೆಯಿಂದ.

"ಬಸ್ಸು ಬೆನ್ನಿಗೆ ಆಗುವುದಿಲ್ಲ. ತುಮಕೂರಿನಿಂದ ದುರ್ಗದ ಮೇಲೆ ದಾವಣಗೆರೆಗೆ ನೇರ ರೈಲು ಮಾರ್ಗ ಮಾಡುತ್ತಿದ್ದಾರಲ್ಲ" ಎಂದರು. ಅಲ್ಲಿಗೇ ನಿಲ್ಲಿಸಿದರು. ನನ್ನ ಎದೆ ಧಸಕ್ಕೆಂದಿತು.

ಬೆಳಿಗ್ಗೆ ಬೆಣ್ಣೆ ದೋಸೆ, ಅದರ ಜೊತೆ ಬಿಳಿ ಚಟ್ನಿ ಮತ್ತು ಆಲೂಗಡ್ಡೆ ಪಲ್ಯ. ಸಂಜೆ ಖಾರ ಮಂಡಕ್ಕಿ ಮತ್ತು ಮೆಣಸಿನಕಾಯಿ. ಈ ಎರಡರ ನಡುವೆ ಮಧ್ಯಾಹ್ನದ ನಿದ್ದೆ. ಮಾವನ ದಿನಚರಿಯಲ್ಲಿ ಈ ನಿದ್ದೆಯೇ ಪರಮ ಪವಿತ್ರ. ನಾನು ಶಾಲೆಯಲ್ಲಿ, ಹೆಂಡತಿ ಸಹಕಾರಿ ಸಂಘದ ಲೆಕ್ಕದಲ್ಲಿ, ಮಗಳು ತರಗತಿಯಲ್ಲಿ. ವಿದ್ಯಾನಗರದ ಬಿಸಿಲು ಕಿಟಕಿಯ ಮೇಲೆ ಬಡಿಯುತ್ತಿದ್ದರೆ, ಮಾವ ಒಬ್ಬರೇ ಒದ್ದೆ ಪಂಚೆಯನ್ನು ಹೊದ್ದು ಫ್ಯಾನಿನ ಕೆಳಗೆ ಮಲಗಿರುತ್ತಿದ್ದರು. ಎರಡರಿಂದ ನಾಲ್ಕು ಗಂಟೆಯ ಒಳಗೆ ಅವರನ್ನು ಎಬ್ಬಿಸಲು ಇಂದ್ರನಿಗೂ ಅಧಿಕಾರವಿರಲಿಲ್ಲ. ಈ ಸಂಗತಿಯನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ.

ಪ್ಲಂಬರನಿಗೆ ದಿನ ಬಿಟ್ಟು ದಿನ ಫೋನ್ ಮಾಡುತ್ತಿದ್ದೆ. ಆತ ಬಾಯಿ ತೆರೆಯುವ ಮುನ್ನವೇ ಮಾತಿನ ಮೇಲೆ ನಿಲ್ಲುವುದು, ಕಸುಬಿನ ಗೌರವ, ನೀರಿನ ಮೌಲ್ಯ ಮುಂತಾದ ವಿಷಯಗಳ ಮೇಲೆ ಐದು ನಿಮಿಷ ಪಾಠ ಮಾಡುತ್ತಿದ್ದೆ. ನಮ್ಮ ಬೀದಿಗೆ ನೀರು ಬರುವುದೇ ದಿನ ಬಿಟ್ಟು ದಿನ. ಭದ್ರಾ ನಾಲೆಯಿಂದ ಕುಂದುವಾಡ ಕೆರೆಗೆ ಬಂದು, ಅಲ್ಲಿಂದ ಎಲ್ಲೆಲ್ಲೋ ಸುತ್ತಿ ನಮ್ಮ ತೊಟ್ಟಿ ಸೇರುವ ನೀರು ರಾತ್ರಿಯೆಲ್ಲ ಹನಿ ಹನಿಯಾಗಿ ಬಚ್ಚಲಿಗೆ ಹೋಗುತ್ತಿತ್ತು. ಹತ್ತು ಗಂಟೆಗೆ ಕೆಳಗಿಟ್ಟ ಬಕೆಟ್ಟು ಬೆಳಗಾಗುವುದರೊಳಗೆ ತುಂಬಿರುತ್ತಿತ್ತು. ಪಾಠವೆಲ್ಲ ಕೇಳಿಸಿಕೊಂಡು ಆತ ವಿನಯದಿಂದ ಹೇಳುತ್ತಿದ್ದ: "ಆಯಿತು ಸಾರ್. ನಾಡಿದ್ದು ಬರುತ್ತೇನೆ."

ನಿದ್ದೆ ಬಾರದ ಆ ರಾತ್ರಿಗಳಲ್ಲಿ ನಾನು ಮೊಬೈಲಿನಲ್ಲಿ ನಾಡಿದ್ದಿನ ಚರಿತ್ರೆ ಹುಡುಕಲು ಕುಳಿತೆ. ರೋಮನರು ಇದನ್ನು ಕಾನೂನೇ ಮಾಡಿಬಿಟ್ಟಿದ್ದರು. ಮೊಕದ್ದಮೆಯನ್ನು ಮೂರನೆಯ ದಿನಕ್ಕೆ, ಅಂದರೆ ನಾಡಿದ್ದಿಗೆ ಹಾಕುವುದಕ್ಕೆ ಅವರಲ್ಲಿ ಕಾಂಪೆರೆಂಡಿನೇಷಿಯೋ ಎಂಬ ಹೆಸರಿತ್ತು. ನಮ್ಮ ವಾಯಿದೆಯ ಮುತ್ತಜ್ಜ. ಲಂಚ, ಸುಲಿಗೆಯ ಮೊಕದ್ದಮೆಗಳಲ್ಲಿ ಎರಡು ಸುತ್ತಿನ ವಿಚಾರಣೆ, ನಡುವೆ ಕಡ್ಡಾಯ ಬಿಡುವು. ಕ್ರಿ.ಪೂ. 70ರಲ್ಲಿ ಸಿಸಿಲಿಯನ್ನು ದೋಚಿದ್ದ ವೆರೆಸ್ ಎಂಬ ಅಧಿಕಾರಿಯ ಮೇಲೆ ಸಿಸೆರೋ ಮೊಕದ್ದಮೆ ನಡೆಸಿದ. ವೆರೆಸನ ಕಡೆಯವರ ಲೆಕ್ಕಾಚಾರ ಸುಲಭವಾಗಿತ್ತು: ಹಬ್ಬ, ಉತ್ಸವ, ರಜೆ ಎಂದು ಎಳೆದರೆ ವರ್ಷ ಮುಗಿಯುತ್ತದೆ, ಮುಂದಿನ ವರ್ಷ ಅಧಿಕಾರಕ್ಕೆ ಬರುವವರು ತಮ್ಮವರೇ. ಸಿಸೆರೋ ಗಂಟೆಗಟ್ಟಲೆ ಭಾಷಣ ಮಾಡುವ ಪದ್ಧತಿಯನ್ನೇ ಬಿಟ್ಟು ನೇರವಾಗಿ ಸಾಕ್ಷಿಗಳನ್ನು ಎಳೆದು ತಂದು ನಿಲ್ಲಿಸಿದ. ವೆರೆಸ್ ಎರಡನೆಯ ಸುತ್ತಿಗೆ ಕಾಯದೆ ಊರು ಬಿಟ್ಟ. ಭಾಷಣ ಬಿಟ್ಟರೆ ಕೆಲಸವಾಗುತ್ತದೆ ಎಂಬ ಸುಳಿವು ಇದರಲ್ಲಿತ್ತು. ನಾನು ಪ್ಲಂಬರನಿಗೆ ಭಾಷಣ ಮುಂದುವರಿಸಿದೆ.

ಕಾಗೆಯ ವಿಷಯ ಸಿಕ್ಕಿದ್ದೂ ಆ ದಿನಗಳಲ್ಲೇ. ಕಾಗೆಯ ಕೂಗು ಲ್ಯಾಟಿನ್ ಕಿವಿಗೆ 'ಕ್ರಾಸ್, ಕ್ರಾಸ್', ಅಂದರೆ 'ನಾಳೆ, ನಾಳೆ' ಎಂದು ಕೇಳುತ್ತಿತ್ತಂತೆ. ಸಂತ ಅಗಸ್ಟೀನ್ ತನ್ನ ಬೋಧನೆಯಲ್ಲಿ ಈ ಮಾತು ತರುತ್ತಾನೆ: ತಿದ್ದಿಕೊಳ್ಳುವುದನ್ನು ನಾಳೆಗೆ ಹಾಕುವವನದು ಕಾಗೆಯ ದನಿ ಎಂದು. ಎಕ್ಸ್‌ಪೆಡಿಟಸ್ ಎಂಬ ಇನ್ನೊಬ್ಬ ಸಂತನ ವಿಗ್ರಹಗಳಲ್ಲಿ ಆತ ಕ್ರಾಸ್ ಎನ್ನುವ ಕಾಗೆಯನ್ನು ಕಾಲಡಿ ತುಳಿದು, 'ಇಂದು' ಎಂದು ಬರೆದ ಶಿಲುಬೆಯನ್ನು ಎತ್ತಿ ಹಿಡಿದಿರುತ್ತಾನೆ. ಅಲ್ಲಿಯ ಕಾಗೆ ನಾಳೆ ಎನ್ನುತ್ತದೆ, ಇಲ್ಲಿಯ ಕಾಗೆ ನೆಂಟರು ಎನ್ನುತ್ತದೆ. ಎರಡೂ ಒಂದೇ ಕಾಗೆ ಎಂದು ನನಗೆ ಅನುಮಾನ.

ಅನುಮಾನ ಗಟ್ಟಿಯಾದದ್ದು ಈ ಕ್ರಿಯಾಪದದ ಎರಡನೆಯ ಅರ್ಥ ಕಂಡಾಗ. ಮಧ್ಯಯುಗದ ಲ್ಯಾಟಿನ್ನಿನಲ್ಲಿ ಅದೇ ಪದಕ್ಕೆ ಪರರ ಠಿಕಾಣಿಯಲ್ಲಿ ಉಳಿದುಕೊಳ್ಳುವುದು, ಬಿಡಾರ ಹೂಡುವುದು ಎಂಬ ಅರ್ಥ ಬಂದಿತ್ತು. ನಾಡಿದ್ದಿನವರೆಗೆ ಎಂದು ಬಂದವನು ಏನು ಮಾಡುತ್ತಾನೆ ಎಂಬುದನ್ನು ಆ ಕಾಲದವರೂ ಗಮನಿಸಿದ್ದರು. ಕೇಂಬ್ರಿಜ್‌ನ ಕಾಲೇಜುಗಳಲ್ಲಿ ಓದುವವರೂ ಅಲ್ಲದ, ಓದಿಸುವವರೂ ಅಲ್ಲದ, ಸುಮ್ಮನೆ ಉಂಡು ಮಲಗಿ ವಾಸವಿದ್ದ ಜನರಿದ್ದರು. ಅವರನ್ನು ಕರೆಯುತ್ತಿದ್ದ ಹೆಸರು ಪೆರೆಂಡಿನಂಟ್.

ಪೆರೆಂಡಿ-ನಂಟ್! ಅರ್ಧರಾತ್ರಿಯಲ್ಲಿ ನಾನು ಎದ್ದು ಕುಳಿತೆ. ನಮ್ಮ ನೆಂಟ ಹೋಗಿ ಲ್ಯಾಟಿನ್ನಿನ ಬಾಲದಲ್ಲಿ ಟ್ರಂಕು ಇಳಿಸಿಕೊಂಡು ಕುಳಿತಿದ್ದಾನೆ. ಭಾಷಾಶಾಸ್ತ್ರ ಇದನ್ನು ಒಪ್ಪುವುದಿಲ್ಲ, ನಾನು ಒಪ್ಪುತ್ತೇನೆ. ಒಂದೇ ವ್ಯತ್ಯಾಸ, ಕೇಂಬ್ರಿಜ್‌ನವರು ಊಟ ವಸತಿಗೆ ದುಡ್ಡು ಕೊಡುತ್ತಿದ್ದರು. ಬೆಳಿಗ್ಗೆ ಹೆಂಡತಿಗೆ ಹೇಳಿದೆ. "ನಿಮ್ಮ ಕಡೆಯವರು ಬಂದಾಗ ಈ ಸಂಶೋಧನೆಯೆಲ್ಲ ಎಲ್ಲಿ ಹೋಗಿರುತ್ತದೆ?" ಎಂದಳು. ಸಂಶೋಧನೆ ಅಲ್ಲಿಗೆ ನಿಂತಿತು.

ಹದಿನೇಳನೆಯ ದಿನ ನಾನು ತಾಳ್ಮೆ ಕಳೆದುಕೊಂಡೆ. ಮಾವನ ಮೇಲೆ ತೋರಿಸುವಂತಿರಲಿಲ್ಲ, ನಲ್ಲಿಯ ಮೇಲೆ ತೋರಿಸಿದೆ. ಹಳೆಯ ನಲ್ಲಿಯ ಹೊಟ್ಟೆಯಲ್ಲೊಂದು ರಬ್ಬರಿನ ವಾಷರ್ ಇರುತ್ತದೆ. ಅದು ಸವೆದರೆ ಸೋರುತ್ತದೆ. ಸೋರುತ್ತದೆಂದು ನಾವು ಇನ್ನಷ್ಟು ಬಿಗಿಯಾಗಿ ತಿರುವುತ್ತೇವೆ, ತಿರುವಿದಷ್ಟೂ ಅದು ಇನ್ನೂ ಬೇಗ ಸವೆಯುತ್ತದೆ. ನಲ್ಲಿ ಬಿಚ್ಚಿ, ವಾಷರ್ ಬದಲಿಸಿ, ಮುಚ್ಚಿದರೆ ಮುಗಿಯಿತು. ಎಂಟು ರೂಪಾಯಿಯ ವಾಷರ್ ತಂದೆ, ಸ್ಪ್ಯಾನರ್ ಎರವಲು ತಂದೆ, ಪಂಚೆ ಎತ್ತಿ ಕಟ್ಟಿದೆ, ನಲ್ಲಿಯ ತಲೆ ಬಿಚ್ಚಿದೆ. ಬಿಚ್ಚುವ ಮೊದಲು ತಾರಸಿಯ ಮೇಲಿನ ಗೇಟ್ ವಾಲ್ವ್ ಮುಚ್ಚಬೇಕು ಎಂಬುದು, ತಲೆ ಕೈಗೆ ಬಂದು ನೀರು ಮುಖಕ್ಕೆ ಬಡಿದ ಮೇಲೆ ನೆನಪಾಯಿತು.

ಸಾವಿರ ಲೀಟರಿನ ತೊಟ್ಟಿಯ ಒತ್ತಡ ಎಷ್ಟೆಂಬುದನ್ನು ನಾನು ಮೂಗಿನಿಂದ ಅಳೆದವನು. ಕನ್ನಡಕ ಎಲ್ಲೋ ಹೋಯಿತು. ಹೆಂಡತಿ ತಾರಸಿಗೆ ಓಡಿದಳು, ವಾಲ್ವ್ ತುಕ್ಕು ಹಿಡಿದು ಅಲ್ಲಾಡುತ್ತಿರಲಿಲ್ಲ. ಎರಡೂ ಅಂಗೈ ಒತ್ತಿ ಹಿಡಿದು ನಿಂತೆ, ಬೆರಳುಗಳ ಸಂದಿಯಿಂದ ನೀರು ಗಾಜಿನ ಮನೆಯ ಹೂದೋಟಕ್ಕೆ ಚಿಮುಕಿಸಿದ ಹಾಗೆ ನಾಲ್ಕು ದಿಕ್ಕಿಗೂ ಹಾರುತ್ತಿತ್ತು. ಮಗಳು ಬಾಗಿಲಲ್ಲಿ ನಿಂತು, "ಅಪ್ಪಾ, ನೀರು ಮತ್ತೆ ಯಾವತ್ತು ಬಿಡುತ್ತಾರೆ?" ಎಂದು ಕೇಳಿದಳು. ಉತ್ತರ ಎಲ್ಲರಿಗೂ ಗೊತ್ತಿತ್ತು.

ಆಗ ಮಾವ ಎದ್ದು ಬಂದರು. ಒಂದು ಕ್ಷಣ ನೋಡಿದರು, ಅಡುಗೆಮನೆಗೆ ಹೋದರು, ಲಟ್ಟಣಿಗೆ ಹಿಡಿದು ಬಂದರು. ಹೆಗಲ ಮೇಲಿನ ಟವೆಲಿನ ಅಂಚು ಹರಿದು ಅದರ ತುದಿಗೆ ಬಿಗಿಯಾಗಿ ಸುತ್ತಿ, ನನ್ನ ಕೈ ಸರಿಸಿ, ನಲ್ಲಿಯ ಬಾಯಿಗೆ ಗುರಿಯಿಟ್ಟು ಒಮ್ಮೆ ತಿವಿದರು. ನೀರು ನಿಂತಿತು.

"ಹೈದರನ ಸೈನ್ಯವನ್ನೇ ಕಿಂಡಿಯಲ್ಲಿ ತಡೆದ ಊರು ನಮ್ಮದು. ಓಬವ್ವ ನೀರು ತರಲು ಹೋದಾಗಲೇ ಅಲ್ಲವೇ ಅವರನ್ನು ಕಂಡದ್ದು" ಎಂದರು. ಅವಳ ಕೈಯಲ್ಲಿ ಒನಕೆ, ಇವರ ಕೈಯಲ್ಲಿ ಲಟ್ಟಣಿಗೆ. 1779ರಲ್ಲಿ ಕೋಟೆ ಹೈದರನ ಕೈಸೇರಿದ ಸಂಗತಿಯನ್ನು ಅವರು ಎತ್ತಲಿಲ್ಲ. ಮೂಗಿನಲ್ಲಿ ನೀರು ತುಂಬಿದ್ದರಿಂದ ನಾನೂ ಎತ್ತಲಿಲ್ಲ.

ಲಟ್ಟಣಿಗೆ ತೆಗೆದರೆ ನೀರು ಚಿಮ್ಮುತ್ತದೆ, ಆದ್ದರಿಂದ ಅದು ಅಲ್ಲೇ ಉಳಿಯಿತು. ಮನೆಯಲ್ಲಿ ಚಪಾತಿ ನಿಂತು ಕೈಯಲ್ಲಿ ತಟ್ಟುವ ಜೋಳದ ರೊಟ್ಟಿ ಶುರುವಾಯಿತು. ಮಾವನಿಗೆ ರೊಟ್ಟಿ ಎಂದರೆ ಪ್ರಾಣ. ಅಲ್ಲದೆ ಲಟ್ಟಣಿಗೆ ಸಡಿಲವಾಗದಂತೆ ಆಗಾಗ ಗುದ್ದಲು ಅನುಭವಿಯೊಬ್ಬರು ಮನೆಯಲ್ಲಿ ಇರಲೇಬೇಕಾಯಿತು. ನಾಡಿದ್ದು ಹೊರಡುವ ಮಾತು ಅಲ್ಲಿಂದ ಮುಂದೆ ಬರಲೇ ಇಲ್ಲ.

ಮೂರು ದಿನ ಕಳೆದು ಯಾವುದೋ ಜಯಂತಿಯ ರಜೆ. ಮಧ್ಯಾಹ್ನ ಎರಡೂ ಕಾಲಿಗೆ ಗಂಟೆ ಬಾರಿಸಿತು. ಬಾಗಿಲು ತೆರೆದರೆ ಚೀಲ ಹೆಗಲಿಗೇರಿಸಿಕೊಂಡು ಪ್ಲಂಬರ್ ನಿಂತಿದ್ದ. ನಾನು ಪಾಠ ಶುರು ಮಾಡುವ ಮೊದಲೇ ಅವನು ಕೈ ಮುಗಿದ.

"ಅಂತೂ ಇವತ್ತು ಸಿಕ್ಕಿದಿರಲ್ಲ ಸಾರ್! ನಾನು ಬರುತ್ತಿರುವುದು ಇದು ಎಂಟನೆಯ ಸಲ."

"ಎಂಟನೆಯದೇ?"

"ಹೂಂ ಸಾರ್. ಬಂದಾಗಲೆಲ್ಲ ಹಿರಿಯರೊಬ್ಬರು ಅರ್ಧ ಬಾಗಿಲು ತೆಗೆದು, ಮನೆಯವರಿಲ್ಲ, ನಾಡಿದ್ದು ಬಾ ಎನ್ನುತ್ತಿದ್ದರು. ನೀವು ಫೋನಿನಲ್ಲಿ ಮಾತಾಡಲು ಬಿಡುತ್ತಲೇ ಇರಲಿಲ್ಲ. ಕೈಯಲ್ಲಿ ದುಡ್ಡಿರಲಿಕ್ಕಿಲ್ಲ, ಸಂಬಳವಾಗಲಿ ಎಂದು ನೀವೇ ಹಾಗೆ ಹೇಳಿಸುತ್ತಿದ್ದೀರಿ ಎಂದುಕೊಂಡು ನಾನೂ ಸುಮ್ಮನಿದ್ದೆ. ಮೇಷ್ಟ್ರ ಕಷ್ಟ ನಮಗೆ ಗೊತ್ತಿಲ್ಲವೇ?"

ನಡುಮನೆಯಿಂದ, ಮುಖದ ಮೇಲಿನ ಒದ್ದೆ ಪಂಚೆಯ ಒಳಗಿನಿಂದ, ನಿದ್ದೆಗಣ್ಣಿನ ದನಿಯೊಂದು ಬಂತು: "ಯಾರದು? ನಾಡಿದ್ದು ಬಾ ಎಂದು ಹೇಳಿ."

ಪ್ಲಂಬರ್ ಮೊದಲು ತಾರಸಿಯ ವಾಲ್ವಿಗೆ ಎಣ್ಣೆ ಬಿಟ್ಟು ಸಡಿಲಿಸಿದ. ಆಮೇಲೆ ಹತ್ತು ನಿಮಿಷದಲ್ಲಿ ವಾಷರ್ ಹಾಕಿದ, ಅದೂ ನಾನು ತಂದಿದ್ದ ಎಂಟು ರೂಪಾಯಿಯದೇ. ಲಟ್ಟಣಿಗೆಯನ್ನು ಹೊರಗೆಳೆದು ಅದರ ತುದಿ ತಿರುಗಿಸಿ ನೋಡಿ, "ಯಾರು ಸಾರ್ ಇದನ್ನು ಕೂರಿಸಿದ್ದು? ಕೈ ಚೆನ್ನಾಗಿದೆ" ಎಂದ. ನಾನು ಅವನಿಗೆ ಕೇಳಿದ್ದಕ್ಕಿಂತ ಐವತ್ತು ರೂಪಾಯಿ ಜಾಸ್ತಿ ಕೊಟ್ಟೆ. ಕೊಡುವಾಗ ಮಾತಾಡಲಿಲ್ಲ.

ಸೋರಿಕೆ ನಿಂತ ಮೇಲೆ ಮಾವನಿಗೂ ಮನೆ ಬಿಕೋ ಎನ್ನಿಸಿರಬೇಕು. ಮುಂದಿನ ಬುಧವಾರ ಡಾಕ್ಟರು ಇನ್ನು ಬರಬೇಕಾಗಿಲ್ಲ ಎಂದರು, ಮಾವ ಅಲ್ಲಿಂದಲೇ ಬಸ್ ನಿಲ್ದಾಣಕ್ಕೆ ಹೊರಟರು. ಟ್ರಂಕನ್ನು ನಾನೇ ಹೊತ್ತೆ. ಬಸ್ಸು ಹೊರಡುವಾಗ ಕಿಟಕಿಯಿಂದ ಕೈ ಚಾಚಿ ಮಗಳ ಕೈಗೆ ನೂರು ರೂಪಾಯಿ ತುರುಕಿದರು. ಮನೆಗೆ ಬಂದು ನೋಡಿದರೆ ಮಧ್ಯಾಹ್ನ ಬಹಳ ಉದ್ದವಾಗಿತ್ತು.

ಮಗಳು ಸ್ಪರ್ಧೆಯಲ್ಲಿ ಪೆರೆಂಡಿನೇಟ್ ಪದವನ್ನು ಒಂದಕ್ಷರವೂ ತಪ್ಪದೆ ಹೇಳಿದಳು. ಮುಂದಿನ ಸುತ್ತಿನಲ್ಲಿ ಟುಮಾರೋ ಪದಕ್ಕೆ ಎರಡು ಎಂ ಹಾಕಿ ಹೊರಬಿದ್ದಳು. ನಾಳೆಯ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಮೊನ್ನೆ ಬೆಳಿಗ್ಗೆ ಕಾಂಪೌಂಡಿನ ಮೇಲೆ ಮತ್ತೆ ಕಾಗೆ ಬಂದು ಕುಳಿತಿತ್ತು. ನಾನು ಕೋಲು ಹುಡುಕಿದೆ. ಹೆಂಡತಿ ಅಕ್ಕಿಯ ಡಬ್ಬಿಯ ಮುಚ್ಚಳ ತೆರೆಯುತ್ತಾ ಒಳಗಿನಿಂದಲೇ ಹೇಳಿದಳು:

"ಓಡಿಸಬೇಡಿ. ಅದು ಲ್ಯಾಟಿನ್ನಿನಲ್ಲಿ ನಾಳೆ ಎನ್ನುತ್ತದೆ ಎಂದು ನೀವೇ ಹೇಳಿದ್ದಿರಲ್ಲ. ಇವತ್ತಂತೂ ಯಾರೂ ಬರುವುದಿಲ್ಲ."